ಸೆಕ್ಷನ್ 8 ವೋಚರ್ ಹಿಡಿದು ಅಮೆರಿಕದಲ್ಲಿ ಬಾಡಿಗೆ ಮನೆ ಹುಡುಕುವುದು ಹೇಗೆ: ಅರ್ಜಿಯಿಂದ ಬೀಗದ ಕೈವರೆಗೆ

ನನಗೆ ಅತ್ತೆ ಆಗಬೇಕಾದವರು ಒಬ್ಬರು ನ್ಯೂಜೆರ್ಸಿಯಲ್ಲಿದ್ದಾರೆ. ಹಾಸನದ ಕಡೆಯವರು. ಮಗನ ಜೊತೆ ಇರಲು ಬಂದು ಹದಿನೈದು ವರ್ಷ ದಾಟಿತು, ಸಿಟಿಜನ್ ಕೂಡ ಆಗಿದ್ದಾರೆ. ಮಗನ ಕೆಲಸ ಹೋಗಿ, ಅವನು ಬೇರೆ ರಾಜ್ಯಕ್ಕೆ ಹೋಗಬೇಕಾಗಿ ಬಂದಾಗ ಅತ್ತೆ ನನಗೆ ಫೋನ್ ಮಾಡಿ, "ನನಗೊಂದು ಸಣ್ಣ ಮನೆ ನೋಡಿಕೊಡಪ್ಪ, ಯಾರಿಗೂ ಭಾರ ಆಗೋದು ಬೇಡ" ಅಂದರು. ಅಲ್ಲಿಂದ ಮೂರು ವರ್ಷಕ್ಕೂ ಜಾಸ್ತಿ ಅವರ ಜೊತೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೆಕ್ಷನ್ 8 ವೋಚರ್ ಅಂದರೆ ಕಡಿಮೆ ಆದಾಯದವರ ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕಟ್ಟುವ ಯೋಜನೆ. ನಮ್ಮವರಲ್ಲಿ ಇದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ನಾಲ್ಕು ಜನ ಏನಂತಾರೋ ಅನ್ನುವ ಅಳುಕು. ಅಳುಕಿನಲ್ಲಿ ವರ್ಷ ಕಳೆದರೆ ವೋಚರಿಗೆ ಕಾಯುವವರ ಸಾಲಿನಲ್ಲಿ ಒಂದು ವರ್ಷ ಹಿಂದೆ ಬಿದ್ದ ಹಾಗೆ, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವೋಚರ್ ಸಿಕ್ಕರೆ ಮನೆ ಸಿಕ್ಕಿತು ಅಂತ ಅಲ್ಲ. ಸಿಗುವ ತನಕ ಒಂದು ಕೆಲಸ, ಸಿಕ್ಕ ಮೇಲೆ ಇನ್ನೊಂದು ಕೆಲಸ. ಎರಡನೆಯದಕ್ಕೆ ತಯಾರಿಲ್ಲದೆ ಎಷ್ಟೋ ಜನ ಕೈಗೆ ಬಂದ ವೋಚರನ್ನು ಕಳೆದುಕೊಳ್ಳುತ್ತಾರೆ.

ಇದು ಏನು, ದುಡ್ಡು ಯಾರದು

ಸರಿಯಾದ ಹೆಸರು ಹೌಸಿಂಗ್ ಚಾಯ್ಸ್ ವೋಚರ್. 1937ರ ವಸತಿ ಕಾಯ್ದೆಯ 8ನೇ ಸೆಕ್ಷನ್ ಅಡಿ ಬರುವುದರಿಂದ ಎಲ್ಲರೂ ಸೆಕ್ಷನ್ 8 ಅಂತಲೇ ಕರೆಯುತ್ತಾರೆ. ಆ ಸೆಕ್ಷನ್ ಈಗಿನ ರೂಪಕ್ಕೆ ಬಂದದ್ದು 1974ರಲ್ಲಿ. ದುಡ್ಡು ಕೊಡುವುದು ಕೇಂದ್ರ ಸರ್ಕಾರದ ವಸತಿ ಇಲಾಖೆ, ಅಂದರೆ ಹಡ್. ಆದರೆ ನಿಮ್ಮ ವ್ಯವಹಾರ ಎಲ್ಲ ಊರಿನ ಅಥವಾ ಕೌಂಟಿಯ (ನಮ್ಮ ಜಿಲ್ಲೆಯ ಥರ) ಹೌಸಿಂಗ್ ಅಥಾರಿಟಿ ಜೊತೆ. ಇಂಥ ಕಚೇರಿಗಳು ದೇಶದಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಇವೆ, ಒಂದೊಂದರ ಪದ್ಧತಿ ಒಂದೊಂದು ಥರ. ಹಾಗಾಗಿ ಗೆಳತಿಯ ಊರಿನಲ್ಲಿ ನಡೆದದ್ದು ನಿಮ್ಮ ಊರಿನಲ್ಲೂ ಹಾಗೇ ನಡೆಯುತ್ತದೆ ಅಂತ ನಂಬಬೇಡಿ.

ಮನೆಯನ್ನು ನೀವೇ ಹುಡುಕುತ್ತೀರಿ, ಖಾಸಗಿ ಓನರ್ ಹತ್ತಿರ. ನಿಮ್ಮ ಆದಾಯದ ಸುಮಾರು 30% ಮಾತ್ರ ನೀವು ಕೊಡುತ್ತೀರಿ. ಉಳಿದದ್ದನ್ನು ಕಚೇರಿ ನೇರವಾಗಿ ಓನರಿಗೆ ಕಟ್ಟುತ್ತದೆ.

ಹೆಜ್ಜೆ 1: ನಿಮಗೆ ಸಿಗುತ್ತದಾ ನೋಡಿಕೊಳ್ಳಿ

ಆದಾಯದ ಮಿತಿ ಊರಿಂದ ಊರಿಗೆ ಬೇರೆ. ಸಾಮಾನ್ಯವಾಗಿ ಆ ಪ್ರದೇಶದ ಮಧ್ಯಮ ಆದಾಯದ ಅರ್ಧಕ್ಕಿಂತ ಕಡಿಮೆ ಇರಬೇಕು. ಹೊಸದಾಗಿ ಕೊಡುವ ವೋಚರುಗಳಲ್ಲಿ ಮುಕ್ಕಾಲು ಪಾಲು ಇನ್ನೂ ಕೆಳಗಿನವರಿಗೆ, ಅಂದರೆ ಆ ಮಧ್ಯಮ ಆದಾಯದ ಸುಮಾರು 30% ಒಳಗಿರುವವರಿಗೆ ಹೋಗಬೇಕು ಅಂತ ನಿಯಮ ಇದೆ. ಎಸ್‌ಎಸ್‌ಐ (ಆದಾಯ ಕಡಿಮೆ ಇರುವ ವಯಸ್ಸಾದವರಿಗೆ, ಅಂಗವಿಕಲರಿಗೆ ಸರ್ಕಾರ ತಿಂಗಳಿಗೆ ಕೊಡುವ ಹಣ) ಮೇಲೆ ಬದುಕುವ ವಯಸ್ಸಾದವರು ಹೆಚ್ಚಾಗಿ ಈ ಗುಂಪಿಗೇ ಬರುತ್ತಾರೆ. 2025ರಲ್ಲಿ ಒಬ್ಬರಿಗೆ ಕೇಂದ್ರದಿಂದ ಸಿಗುತ್ತಿದ್ದ ಎಸ್‌ಎಸ್‌ಐ ಹೆಚ್ಚೆಂದರೆ ತಿಂಗಳಿಗೆ 967 ಡಾಲರ್. ಅದರಲ್ಲಿ ನ್ಯೂಜೆರ್ಸಿಯಲ್ಲಿ ಒಂದು ಬೆಡ್‌ರೂಂ ಮನೆ ಹಿಡಿಯಲು ಆಗುತ್ತದಾ ಹೇಳಿ.

ಇನ್ನು ವೀಸಾ ವಿಷಯ. ಸಿಟಿಜನ್, ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರಾಗಿ ಅಥವಾ ಆಶ್ರಯ ಪಡೆದು ಬಂದವರು ಅರ್ಜಿ ಹಾಕಬಹುದು. ಕೆಲಸದ ಎಚ್-1ಬಿ, ಅವರ ಮನೆಯವರ ಎಚ್-4, ಓದಲು ಬಂದವರ ಎಫ್-1, ವಿಸಿಟರ್ ವೀಸಾದವರಿಗೆ ಇಲ್ಲ. ಮನೆಯಲ್ಲಿ ಒಬ್ಬರು ಅರ್ಹರು, ಇನ್ನೊಬ್ಬರು ಅಲ್ಲ ಅಂತಾದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅರ್ಹರಾದವರ ಪಾಲಿಗೆ ಮಾತ್ರ ಲೆಕ್ಕ ಹಾಕಿ ಕಡಿಮೆ ಸಹಾಯ ಕೊಡುತ್ತಾರೆ. ಗ್ರೀನ್ ಕಾರ್ಡಿನವರು, ಅದರಲ್ಲೂ ಮಕ್ಕಳ ಸ್ಪಾನ್ಸರ್ ಮೇಲೆ ಬಂದ ತಂದೆ ತಾಯಂದಿರು, ಅರ್ಜಿ ಹಾಕುವ ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಒಂದರ್ಧ ಗಂಟೆ ಮಾತಾಡಿ. ಗಂಡನ ಹಿಂಸೆಯಿಂದ ಹೊರಬಂದು ವಾವಾ ಕಾಯ್ದೆಯಲ್ಲಿ (ಹೆಣ್ಣುಮಕ್ಕಳ ಮೇಲಿನ ಹಿಂಸೆ ತಡೆಯುವ ಕಾಯ್ದೆ) ಸ್ವಂತ ಅರ್ಜಿ ಹಾಕಿಕೊಂಡಿರುವ ಹೆಣ್ಣುಮಕ್ಕಳೂ ವಕೀಲರನ್ನು ಕೇಳಲೇಬೇಕು, ಅವರಿಗೆ ದಾರಿ ಇದೆ.

ಭಾರತದಲ್ಲಿರುವ ಊರಿನ ಆಸ್ತಿ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಅಲ್ಲಿನ ಮನೆ, ಸೈಟು, ತೋಟ, ಬ್ಯಾಂಕಿನ ಎಫ್‌ಡಿ, ಬಾಡಿಗೆ ಬರುತ್ತಿದ್ದರೆ ಅದು, ಎಲ್ಲವನ್ನೂ ಹೇಳಬೇಕು. ವಸತಿ ಸಹಾಯದ ನಿಯಮ ಬದಲಿಸಲು 2016ರಲ್ಲಿ ಆದ ಹಾಟ್ಮಾ ಕಾಯ್ದೆ ಒಟ್ಟು ಆಸ್ತಿಗೆ 1 ಲಕ್ಷ ಡಾಲರ್ ಮಿತಿ ಇಟ್ಟಿದೆ, ಬೆಲೆ ಏರಿದ ಹಾಗೆ ಅದೂ ಏರುತ್ತದೆ. "ಅಮೆರಿಕದವರಿಗೆ ಹೇಗೆ ಗೊತ್ತಾಗುತ್ತೆ" ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸುಳ್ಳು ಬರೆದು ಸಿಕ್ಕಿಬಿದ್ದರೆ ವೋಚರ್ ಹೋಗುತ್ತದೆ, ತೆಗೆದುಕೊಂಡ ದುಡ್ಡು ವಾಪಸ್ ಕಟ್ಟಬೇಕಾಗುತ್ತದೆ, ಕೇಸೂ ಆಗಬಹುದು. ಅರ್ಜಿಗೆ ಮೊದಲು ಸೈಟನ್ನು ಮಗಳ ಹೆಸರಿಗೆ ಬರೆದುಕೊಟ್ಟರೂ ಬಿಡುವುದಿಲ್ಲ. ಕಳೆದ ಎರಡು ವರ್ಷದಲ್ಲಿ ಬೆಲೆಗಿಂತ ಕಡಿಮೆಗೆ ಕೊಟ್ಟ ಆಸ್ತಿಯನ್ನೂ ನಿಮ್ಮದೇ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ.

ಹೆಜ್ಜೆ 2: ಒಂದು ಫೈಲ್ ಮಾಡಿ

ದಪ್ಪನೆಯ ಒಂದು ಫೈಲ್ ತನ್ನಿ. ಮನೆಯವರೆಲ್ಲರ ಸೋಷಿಯಲ್ ಸೆಕ್ಯೂರಿಟಿ ಕಾರ್ಡ್, ಸಿಟಿಜನ್‌ಶಿಪ್ ಸರ್ಟಿಫಿಕೇಟ್ ಅಥವಾ ಗ್ರೀನ್ ಕಾರ್ಡ್, ಜನನ ಪ್ರಮಾಣಪತ್ರ, ಫೋಟೋ ಐಡಿ, ಎಸ್‌ಎಸ್‌ಐ ಪತ್ರ ಅಥವಾ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಔಷಧಿ ಆಸ್ಪತ್ರೆ ಬಿಲ್ಲುಗಳು. ಬಿಲ್ಲುಗಳನ್ನು ಬಿಸಾಡಬೇಡಿ. 62 ದಾಟಿದವರ ಅಥವಾ ಅಂಗವಿಕಲರ ಕುಟುಂಬಕ್ಕೆ ಆದಾಯದಲ್ಲಿ ಒಂದು ಕಡಿತ ಇದೆ, ಒಂದು ಮಟ್ಟ ದಾಟಿದ ವೈದ್ಯಕೀಯ ಖರ್ಚನ್ನೂ ಕಳೆಯುತ್ತಾರೆ.

ನಮ್ಮವರಿಗೆ ಮಾತ್ರ ಬರುವ ಒಂದು ತೊಂದರೆ ಹೆಸರಿನದು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರು, ಬ್ಯಾಂಕಿನಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್. ಅತ್ತೆಯ ಮೂರು ಕಾಗದದಲ್ಲಿ ಮೂರು ಥರ ಇತ್ತು. ಅರ್ಜಿಯಲ್ಲಿ ಸೋಷಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲಿರುವ ಹಾಗೇ ಬರೆಯಿರಿ, ಉಳಿದ ಹೆಸರುಗಳೂ ತಮ್ಮವೇ ಅಂತ ನೋಟರಿ ಮಾಡಿಸಿದ ಒಂದು ಅಫಿಡವಿಟ್ ಇಟ್ಟುಕೊಳ್ಳಿ. ಊರಿನ ಜನನ ಪ್ರಮಾಣಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಜೊತೆಗಿರಲಿ.

ಹೆಜ್ಜೆ 3: ಒಂದೇ ಸಾಲಿನಲ್ಲಿ ನಿಲ್ಲಬೇಡಿ

ವೇಟಿಂಗ್ ಲಿಸ್ಟ್ ಹೆಚ್ಚಿನ ಕಡೆ ಮುಚ್ಚಿರುತ್ತದೆ. ತೆರೆದರೆ ಒಂದು ವಾರವೋ ಎರಡು ವಾರವೋ, ಅಷ್ಟೇ. ನ್ಯೂಯಾರ್ಕ್ ನಗರದ ಹೌಸಿಂಗ್ ಅಥಾರಿಟಿ 2024ರ ಜೂನ್ 3ರಿಂದ 9ರವರೆಗೆ ತೆರೆದದ್ದು ಸುಮಾರು 15 ವರ್ಷದಲ್ಲಿ ಮೊದಲ ಸಲ. ಬಂದ ಅರ್ಜಿ 6 ಲಕ್ಷಕ್ಕೂ ಮೇಲೆ, ಲಾಟರಿಯಲ್ಲಿ ಸಾಲಿಗೆ ಸೇರಿದ್ದು 2 ಲಕ್ಷ. ಅರ್ಹರಾದ ನಾಲ್ಕು ಕುಟುಂಬದಲ್ಲಿ ಒಂದಕ್ಕೆ ಮಾತ್ರ ಬಾಡಿಗೆ ಸಹಾಯ ಸಿಗುವಷ್ಟು ದುಡ್ಡನ್ನು ಸರ್ಕಾರ ಇಟ್ಟಿದೆ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಆದ್ದರಿಂದ ಎಷ್ಟು ಕಡೆ ಆಗುತ್ತೋ ಅಷ್ಟು ಕಡೆ ಹಾಕಿ. ಕಾನೂನು ಅಡ್ಡ ಬರುವುದಿಲ್ಲ. ಪಕ್ಕದ ಕೌಂಟಿ, ಸಣ್ಣ ಊರು, ಬೇರೆ ರಾಜ್ಯ, ಎಲ್ಲಾದರೂ ಸರಿ. ಊರಿನವರಿಗೆ, ವಯಸ್ಸಾದವರಿಗೆ, ಮನೆ ಇಲ್ಲದವರಿಗೆ ಕೆಲವು ಕಡೆ ಆದ್ಯತೆ ಇರುತ್ತದೆ, ನಿಮಗೆ ಹೊಂದುವ ಒಂದೊಂದನ್ನೂ ಗುರುತು ಮಾಡಿ. ಹೊರಗಿನ ಊರಿನವರಾಗಿ ಅರ್ಜಿ ಹಾಕಿ ವೋಚರ್ ಪಡೆದರೆ ಮೊದಲ 12 ತಿಂಗಳು ಅಲ್ಲೇ ಇರಬೇಕು ಅಂತ ಹೇಳಬಹುದು. ಆಮೇಲೆ ವೋಚರನ್ನು ದೇಶದಲ್ಲಿ ಈ ಯೋಜನೆ ಇರುವ ಯಾವ ಊರಿಗೆ ಬೇಕಾದರೂ ಒಯ್ಯಬಹುದು. ಇದಕ್ಕೆ ಪೋರ್ಟಬಿಲಿಟಿ ಅನ್ನುತ್ತಾರೆ.

ಎಲ್ಲಿ ತೆರೆದಿದೆ ಅಂತ ತಿಳಿಯಲು ಹಡ್‌ನ ವೆಬ್‌ಸೈಟಿನಲ್ಲಿ ರಾಜ್ಯವಾರು ಕಚೇರಿಗಳ ಪಟ್ಟಿ ಇದೆ. 211 ಸಹಾಯವಾಣಿಗೆ ಫೋನ್ ಮಾಡಿದರೂ ಹೇಳುತ್ತಾರೆ. ಸೋಮವಾರ ಬೆಳಗ್ಗೆ ಹತ್ತು ಕಚೇರಿಯ ಪುಟ ನೋಡುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೆ.

ಅರ್ಜಿಗೆ ದುಡ್ಡು ಇಲ್ಲ. ಒಂದು ಡಾಲರೂ ಇಲ್ಲ. 50 ಡಾಲರ್ ಕೊಟ್ಟರೆ ಲಿಸ್ಟಿನಲ್ಲಿ ಮೇಲೆ ಹಾಕಿಸುತ್ತೇವೆ ಅನ್ನುವ ವೆಬ್‌ಸೈಟು, ಫೇಸ್‌ಬುಕ್ ಪೋಸ್ಟು ಮೋಸ. ಸೋಷಿಯಲ್ ಸೆಕ್ಯೂರಿಟಿ ನಂಬರನ್ನೂ ಅಲ್ಲಿ ಕೊಡಬೇಡಿ.

ಹೆಜ್ಜೆ 4: ಕಾಯುವ ವರ್ಷಗಳು

ವೋಚರ್ ಸಿಕ್ಕವರು ಸರಾಸರಿ ಎರಡೂವರೆ ವರ್ಷ ಕಾದಿರುತ್ತಾರೆ, ದೊಡ್ಡ ನಗರಗಳಲ್ಲಿ ಇನ್ನೂ ಜಾಸ್ತಿ. ಈ ಕಾಲದಲ್ಲಿ ಮಾಡಬೇಕಾದದ್ದು ಒಂದೇ: ವಿಳಾಸ, ಫೋನ್, ಇಮೇಲ್ ಬದಲಾದರೆ ಅರ್ಜಿ ಹಾಕಿದ ಎಲ್ಲ ಕಡೆಗೂ ಬರೆದು ತಿಳಿಸುವುದು. ನಾವು ಒಂದು ಕಡೆ ತಿಳಿಸಲು ಮರೆತೆವು. "ಇನ್ನೂ ಬೇಕಾ" ಅಂತ ಕೇಳಿದ ಪತ್ರ ಹಳೆ ಮನೆಗೆ ಹೋಯಿತು, ಉತ್ತರ ಬರಲಿಲ್ಲ ಅಂತ ಹೆಸರು ತೆಗೆದರು. ಅಲ್ಲಿ ಎರಡು ವರ್ಷ ಕಾದದ್ದು ನೀರಲ್ಲಿ ಹೋಮ. ಅದಾದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಕಚೇರಿ, ಅರ್ಜಿ ನಂಬರ್, ತಾರೀಖು, ಕೊನೆಗೆ ಯಾವತ್ತು ಮಾತಾಡಿದ್ದು ಎಲ್ಲ ಬರೆದಿಟ್ಟೆವು. ಮಕ್ಕಳ ವಿಳಾಸ ಗಟ್ಟಿ ಇದ್ದರೆ ಪತ್ರಕ್ಕೆ ಅದನ್ನೇ ಕೊಡಿ.

ಕಾಯುವಾಗಲೇ ಬೇರೆ ಸಾಲುಗಳಲ್ಲೂ ನಿಲ್ಲಿ. ವಯಸ್ಸಾದವರಿಗೆ ಅಂತಲೇ ಕಟ್ಟಿದ ಸೆಕ್ಷನ್ 202 ಕಟ್ಟಡಗಳಿವೆ, 62 ಆದವರಿಗೆ. ಕಟ್ಟಡಕ್ಕೇ ಅಂಟಿಕೊಂಡ ಪ್ರಾಜೆಕ್ಟ್ ಬೇಸ್ಡ್ ವೋಚರ್ ಇದೆ. ಇದರಲ್ಲಿ ಒಂದು ವರ್ಷ ಇದ್ದ ಮೇಲೆ ಕೈಯಲ್ಲಿ ಹಿಡಿದು ಹೋಗುವ ವೋಚರ್ ಕೇಳುವ ಹಕ್ಕು ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಈ ಕಟ್ಟಡಗಳ ಲಿಸ್ಟ್ ಬೇರೆ, ಅಲ್ಲಲ್ಲೇ ಹೋಗಿ ಕೇಳಬೇಕು.

ಹೆಜ್ಜೆ 5: ಬ್ರೀಫಿಂಗ್ ದಿನ, ಮತ್ತು ಲೆಕ್ಕ

ಹೆಸರು ಬಂದಾಗ ಕರೆಸುತ್ತಾರೆ, ಕಾಗದ ನೋಡುತ್ತಾರೆ, ನಿಯಮ ವಿವರಿಸುತ್ತಾರೆ. ಇಂಗ್ಲಿಷ್ ಕಷ್ಟ ಇದ್ದರೆ ಜೊತೆಗೆ ಒಬ್ಬರು ಹೋಗಿ, ಕನ್ನಡ ದುಭಾಷಿ ಫೋನಿನಲ್ಲಿ ಸಿಗುತ್ತಾರಾ ಅಂತ ಮೊದಲೇ ಕೇಳಿ. ಅಲ್ಲಿಂದ ಹೊರಗೆ ಬರುವಾಗ ನಾಲ್ಕು ವಿಷಯ ಬರೆದುಕೊಂಡಿರಬೇಕು: ಎಷ್ಟು ಬೆಡ್‌ರೂಮಿನ ವೋಚರ್, ಪೇಮೆಂಟ್ ಸ್ಟ್ಯಾಂಡರ್ಡ್ ಎಷ್ಟು, ಕರೆಂಟು ಗ್ಯಾಸಿಗೆ ಎಷ್ಟು ಹಿಡಿಯುತ್ತಾರೆ, ಕೊನೆಯ ದಿನ ಯಾವುದು.

ಪೇಮೆಂಟ್ ಸ್ಟ್ಯಾಂಡರ್ಡ್ ಅಂದರೆ ಕಚೇರಿ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮೊತ್ತ. ಹಡ್ ಪ್ರತಿ ವರ್ಷ ಪ್ರತಿ ಪ್ರದೇಶಕ್ಕೆ ಒಂದು ನ್ಯಾಯವಾದ ಬಾಡಿಗೆ ಪ್ರಕಟಿಸುತ್ತದೆ, ಅದರ 90ರಿಂದ 110%ರ ಒಳಗೆ ಕಚೇರಿ ತನ್ನದನ್ನು ಇಟ್ಟುಕೊಳ್ಳುತ್ತದೆ. ಕೆಲವು ನಗರಗಳಲ್ಲಿ ಇದು ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರ) ಪ್ರಕಾರ ಬದಲಾಗುತ್ತದೆ. ಅಂಥ ಕಡೆ ಒಂದು ರಸ್ತೆ ದಾಟಿದರೆ ಇನ್ನೂರು ಮುನ್ನೂರು ಡಾಲರ್ ಜಾಸ್ತಿ ಸಿಗಬಹುದು. ಜಿಪ್ ಕೋಡ್ ಪಟ್ಟಿ ಕೇಳಿ ತೆಗೆದುಕೊಳ್ಳಿ.

ಒಂದು ಉದಾಹರಣೆ ನೋಡೋಣ. ಗಂಡ ಹೆಂಡತಿ ಇಬ್ಬರೇ, ಕಡಿತ ಎಲ್ಲ ಕಳೆದು ತಿಂಗಳ ಆದಾಯ 1,400 ಡಾಲರ್ ಅಂತಿಟ್ಟುಕೊಳ್ಳಿ. 30% ಅಂದರೆ 420. ಪೇಮೆಂಟ್ ಸ್ಟ್ಯಾಂಡರ್ಡ್ 1,800 ಇದ್ದರೆ ಕಚೇರಿ ಕೊಡುವುದು ಹೆಚ್ಚೆಂದರೆ 1,380. ಮನೆ ಬಾಡಿಗೆ 1,700, ಕರೆಂಟು ಗ್ಯಾಸ್ ಲೆಕ್ಕ 150, ಒಟ್ಟು 1,850. ಸ್ಟ್ಯಾಂಡರ್ಡಿಗಿಂತ 50 ಜಾಸ್ತಿ ಆಯ್ತಲ್ವಾ, ಅದು ನಿಮ್ಮ ತಲೆ ಮೇಲೆ. ನಿಮ್ಮ ಪಾಲು 470. ಅದರಲ್ಲಿ 150 ಕರೆಂಟು ಗ್ಯಾಸಿಗೆ, 320 ಓನರಿಗೆ. ಆದರೆ ಸ್ಟ್ಯಾಂಡರ್ಡ್ ದಾಟಿದ ಮನೆಯಾದರೆ, ಹೊಸದಾಗಿ ಸೇರುವಾಗ ನಿಮ್ಮ ಪಾಲು ಆದಾಯದ 40% ದಾಟಬಾರದು. ಇಲ್ಲಿ ಆ ಗೆರೆ 560. ಅಂದರೆ ಬಾಡಿಗೆ, ಕರೆಂಟು, ಗ್ಯಾಸ್ ಎಲ್ಲ ಸೇರಿ 1,940ರ ಮೇಲಿನ ಮನೆಯನ್ನು ನೋಡಲೂ ಹೋಗಬೇಡಿ, ಸುಮ್ನೆ ದಿನ ಹಾಳು. ಈ ಒಂದು ಅಂಕಿಯನ್ನು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ.

ಹೆಜ್ಜೆ 6: ಮನೆ ಹುಡುಕಾಟ

ನಿಯಮದ ಪ್ರಕಾರ ಕನಿಷ್ಠ 60 ದಿನ ಕೊಡುತ್ತಾರೆ. 60 ದಿನ ಏನೂ ಅಲ್ಲ. ವೋಚರ್ ಕೈಗೆ ಬಂದವರಲ್ಲಿ ಹತ್ತಕ್ಕೆ ಸುಮಾರು ಆರು ಜನ ಮಾತ್ರ ಅದನ್ನು ಬಳಸಿ ಮನೆ ಸೇರುತ್ತಾರೆ. ಹಾಗಾಗಿ ವೋಚರ್ ಬರುವ ಮೊದಲೇ ಹುಡುಕಲು ಶುರು ಮಾಡಿ.

ಎಲ್ಲಕ್ಕಿಂತ ಮೊದಲು ಟ್ಯಾಕ್ಸ್ ಕ್ರೆಡಿಟ್ ಕಟ್ಟಡಗಳಿಗೆ ಫೋನ್ ಮಾಡಿ. 1986ರಿಂದ ತೆರಿಗೆ ರಿಯಾಯಿತಿ ಪಡೆದು ಕಟ್ಟಿದ ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟುಗಳು ದೇಶದ ಎಲ್ಲ ಕಡೆ ಇವೆ. ವೋಚರ್ ಇದೆ ಅನ್ನುವ ಒಂದೇ ಕಾರಣಕ್ಕೆ ಇವರು ಬೇಡ ಅನ್ನುವ ಹಾಗಿಲ್ಲ, ಯಾವ ರಾಜ್ಯವೇ ಆಗಲಿ. ರಾಜ್ಯದ ಹೌಸಿಂಗ್ ಫೈನಾನ್ಸ್ ಏಜೆನ್ಸಿಯ ವೆಬ್‌ಸೈಟಿನಲ್ಲಿ ಪಟ್ಟಿ ಸಿಗುತ್ತದೆ. ನಾವು ಖಾಸಗಿ ಜಾಹೀರಾತು ನೋಡುತ್ತ ಒಂದು ತಿಂಗಳು ಕಳೆದ ಮೇಲೆ ಇದು ತಿಳಿಯಿತು.

ಆಮೇಲೆ ಹೌಸಿಂಗ್ ಅಥಾರಿಟಿಯೇ ಕೊಡುವ ಓನರುಗಳ ಪಟ್ಟಿ, ವೋಚರ್ ಮನೆಗಳಿಗೇ ಮೀಸಲಾದ ವೆಬ್‌ಸೈಟುಗಳು. ಪರಿಚಯದವರ ಬಾಯಿಮಾತನ್ನೂ ಮರೆಯಬೇಡಿ. ಕನ್ನಡ ಸಂಘದ ವಾಟ್ಸಾಪ್ ಗುಂಪು, ದೇವಸ್ಥಾನದ ಊಟದ ಸಾಲು, ಇಂಡಿಯನ್ ಅಂಗಡಿಯ ಬೋರ್ಡು, ಇಲ್ಲೆಲ್ಲ ಎರಡು ಮೂರು ಮನೆ ಇಟ್ಟು ಬಾಡಿಗೆಗೆ ಕೊಡುವ ನಮ್ಮವರೇ ಸಿಗುತ್ತಾರೆ. ಅವರಿಗೆ ವೋಚರ್ ಅಂದರೆ ಏನೋ ತಲೆನೋವು ಅನ್ನುವ ಕಲ್ಪನೆ ಇರುತ್ತದೆ. "ಬಾಡಿಗೆಯ ದೊಡ್ಡ ಪಾಲು ಪ್ರತಿ ತಿಂಗಳು ಸರ್ಕಾರದಿಂದ ನೇರ ನಿಮ್ಮ ಅಕೌಂಟಿಗೆ ಬರುತ್ತೆ, ಆಂಟಿ ಒಬ್ಬರೇ ಇರೋದು, ಹಳೇ ಓನರ್ ಪತ್ರ ಇಲ್ಲಿದೆ" ಅಂತ ಹೇಳಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಆ ಪತ್ರವನ್ನು ಮೊದಲೇ ಬರೆಸಿ ಇಟ್ಟುಕೊಳ್ಳಿ.

ಸ್ವಂತ ಮಗನ ಮನೆಯನ್ನೇ ಬಾಡಿಗೆಗೆ ಹಿಡಿಯೋಣ ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆಗುವುದಿಲ್ಲ. ಓನರ್ ಆದವರು ನಿಮ್ಮ ತಂದೆ, ತಾಯಿ, ಮಗ, ಮಗಳು, ಅಜ್ಜ, ಅಜ್ಜಿ, ಮೊಮ್ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿ ಆಗಿರಬಾರದು. ಅಂಗವಿಕಲರ ಅನುಕೂಲಕ್ಕೆ ಬೇಕೇ ಬೇಕು ಅಂತ ಕಚೇರಿ ಒಪ್ಪಿದರೆ ಮಾತ್ರ ವಿನಾಯಿತಿ.

"ಸೆಕ್ಷನ್ 8 ತಗೊಳಲ್ಲ" ಅಂತ ಮುಖಕ್ಕೆ ಹೇಳುವವರು ಸಿಗುತ್ತಾರೆ. ಅತ್ತೆ ಮೊದಲ ಸಲ ಕೇಳಿದಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮ್ಯಾಸಚೂಸೆಟ್ಸ್, ಇಲಿನಾಯ್ ಮುಂತಾದ ರಾಜ್ಯಗಳಲ್ಲಿ ಹಾಗೆ ಹೇಳುವುದು ಕಾನೂನಿಗೆ ವಿರುದ್ಧ. ಬಾಯಲ್ಲಿ ಹೇಳಿದ್ದನ್ನು ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಂಡು ರಾಜ್ಯದ ನಾಗರಿಕ ಹಕ್ಕುಗಳ ವಿಭಾಗಕ್ಕೆ ದೂರು ಕೊಡಿ. ಬಾಡಿಗೆಯ ಮೂರು ಪಟ್ಟು ಆದಾಯ ಬೇಕು ಅಂತ ಕೇಳಿದರೂ ಬಿಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಆ ಲೆಕ್ಕವನ್ನು ನೀವು ಕೊಡುವ ಪಾಲಿನ ಮೇಲೆ ಮಾತ್ರ ಹಾಕಬೇಕು, 2024ರಿಂದ ಕ್ರೆಡಿಟ್ ಸ್ಕೋರ್ ಬದಲು ಬೇರೆ ದಾಖಲೆ ತೋರಿಸುವ ಅವಕಾಶವನ್ನೂ ವೋಚರ್ ಇರುವವರಿಗೆ ಕೊಡಬೇಕು. ಟೆಕ್ಸಾಸ್‌ನಲ್ಲಿ ಇಂಥ ರಕ್ಷಣೆ ಇಲ್ಲ, ಊರಿನವರು ಸ್ವಂತವಾಗಿ ಕಾನೂನು ಮಾಡಿಕೊಳ್ಳುವುದನ್ನೂ ರಾಜ್ಯ ತಡೆದಿದೆ. ಅಲ್ಲಿರುವವರು ಟ್ಯಾಕ್ಸ್ ಕ್ರೆಡಿಟ್ ಕಟ್ಟಡಗಳನ್ನೇ ಗಟ್ಟಿಯಾಗಿ ಹಿಡಿಯಿರಿ.

ಡೆಪಾಸಿಟ್ ನಿಮ್ಮ ಕೈಯಿಂದ ಹೋಗಬೇಕು, ವೋಚರ್ ಅದನ್ನು ಕೊಡುವುದಿಲ್ಲ. ನ್ಯೂಜೆರ್ಸಿಯಲ್ಲಿ ಒಂದೂವರೆ ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದೂ ಕಷ್ಟ ಆದರೆ ಕೌಂಟಿಯ ಸಮಾಜ ಸೇವೆ ಕಚೇರಿ, ಸಾಲ್ವೇಷನ್ ಆರ್ಮಿ, ಕ್ಯಾಥೊಲಿಕ್ ಚಾರಿಟೀಸ್ ಇಂಥ ಸೇವಾ ಸಂಸ್ಥೆಯವರನ್ನು ಕೇಳಿ.

ನಲವತ್ತನೇ ದಿನಕ್ಕೂ ಮನೆ ಸಿಗದಿದ್ದರೆ ಆವತ್ತೇ ಗಡುವು ವಿಸ್ತರಿಸಿ ಅಂತ ಬರೆದುಕೊಡಿ. ನೋಡಿದ ಮನೆಗಳ ಪಟ್ಟಿ ಲಗತ್ತಿಸಿ. ಅಂಗವೈಕಲ್ಯ ಇದ್ದರೆ ಡಾಕ್ಟರ ಪತ್ರದ ಜೊತೆ ರೀಸನಬಲ್ ಅಕಾಮೊಡೇಷನ್ (ಅಂಗವೈಕಲ್ಯಕ್ಕೆ ತಕ್ಕ ಅನುಕೂಲ) ಅಂತಲೇ ಬರೆದು ಕೇಳಿ, ಅದಕ್ಕೆ ಬೇರೆ ತೂಕ ಇದೆ.

ಹೆಜ್ಜೆ 7: ಓನರ್ ಒಪ್ಪಿದ ಮೇಲೆ

ಈ ಮನೆಗೆ ಒಪ್ಪಿಗೆ ಕೇಳುವ, ಕಚೇರಿ ಕೊಟ್ಟ ಟೆನೆನ್ಸಿ ಅಪ್ರೂವಲ್ ಫಾರಂ ಅನ್ನು ಓನರ್ ಹತ್ತಿರ ತುಂಬಿಸಿ, ಲೀಸಿನ (ಇಲ್ಲಿ ಬಾಡಿಗೆ ಕರಾರಿಗೆ ಹೀಗನ್ನುತ್ತಾರೆ) ಕರಡು ಸೇರಿಸಿ ಆವತ್ತೇ ಕೊಡಿ. ಕೊಟ್ಟ ದಿನದಿಂದ ತೀರ್ಮಾನ ಬರುವ ತನಕ ನಿಮ್ಮ ಗಡುವು ಓಡುವುದಿಲ್ಲ, ಹಾಗಾಗಿ ಕೊಟ್ಟ ತಾರೀಖಿಗೆ ರಸೀತಿ ತೆಗೆದುಕೊಳ್ಳಿ. ಆಮೇಲೆ ಬಾಡಿಗೆ ಅಕ್ಕಪಕ್ಕದ ಮನೆಗಳಿಗೆ ಹೋಲಿಸಿದರೆ ಸರಿ ಇದೆಯಾ ನೋಡುತ್ತಾರೆ, ಇನ್‌ಸ್ಪೆಕ್ಷನ್ ಮಾಡುತ್ತಾರೆ.

ಇನ್‌ಸ್ಪೆಕ್ಷನ್ನಿನಲ್ಲಿ ಫೇಲ್ ಆಗುವುದು ಸಣ್ಣ ಸಣ್ಣ ವಿಷಯಕ್ಕೆ. ಮನೆ ನೋಡಲು ಹೋದಾಗಲೇ ಸ್ಮೋಕ್ ಅಲಾರಂ ಒತ್ತಿ ನೋಡಿ, ಬಿಸಿನೀರು ಬಿಟ್ಟು ನೋಡಿ, ಕಿಟಕಿ ತೆಗೆದು ಚಿಲಕ ಹಾಕಿ, ಒಲೆಯ ಎಲ್ಲ ಬರ್ನರ್ ಹಚ್ಚಿ, ಸಿಂಕ್ ಕೆಳಗೆ ಕೈ ಹಾಕಿ. 1978ಕ್ಕಿಂತ ಹಳೆಯ ಮನೆಯಲ್ಲಿ ಬಣ್ಣ ಸಿಪ್ಪೆ ಏಳುತ್ತಿದ್ದರೆ ಸೀಸದ ಭಯ ಇರುತ್ತದೆ, ಸಣ್ಣ ಮಕ್ಕಳಿದ್ದರೆ ಅಂಥ ಮನೆ ಬಗ್ಗೆ ಬಹಳ ಹುಷಾರು. ಕಂಡದ್ದನ್ನು ಮೊದಲೇ ಹೇಳಿದರೆ ಓನರ್ ರಿಪೇರಿ ಮಾಡಿಸಿಬಿಡುತ್ತಾರೆ, ಎರಡು ವಾರ ಉಳಿಯುತ್ತದೆ.

ಕಚೇರಿ ಸರಿ ಅನ್ನುವ ಮೊದಲು ಸಾಮಾನು ಸಾಗಿಸಬೇಡಿ. ಆ ದಿನಗಳ ಬಾಡಿಗೆ ಪೂರ್ತಿ ನಿಮ್ಮದಾಗುತ್ತದೆ. ಇನ್ನು ಲೀಸಿನಲ್ಲಿ ಇಲ್ಲದ ನೂರು ಇನ್ನೂರು ಡಾಲರ್ ಕೈಯಲ್ಲಿ ಕೊಡಿ ಅಂತ ಯಾರಾದರೂ ಕೇಳಿದರೆ ಕೊಡಲೇಬೇಡಿ, ಅದು ಅಪರಾಧ, ಕೇಳಿದವರ ಜೊತೆ ಕೊಟ್ಟವರ ವೋಚರೂ ಹೋಗುತ್ತದೆ. ಯಾವ ಹಂತದಲ್ಲಾದರೂ ನಿಮ್ಮನ್ನು ಬೇಡ ಅಂದರೆ ಕಾರಣ ಬರೆದು ಕೊಡಬೇಕು, ಮರುಪರಿಶೀಲನೆ ಕೇಳುವ ಹಕ್ಕು ಇದೆ. ಪತ್ರದಲ್ಲಿ ಕೊಟ್ಟ ದಿನದೊಳಗೆ ಕೇಳಬೇಕು. ಲೀಗಲ್ ಏಡ್‌ನವರು ಉಚಿತವಾಗಿ ಜೊತೆ ಬರುತ್ತಾರೆ.

ಹೆಜ್ಜೆ 8: ಮನೆ ಸೇರಿದ ಮೇಲೆ

ಆದಾಯ, ಮನೆಯಲ್ಲಿರುವವರ ಸಂಖ್ಯೆ ಬದಲಾದರೆ ತಿಳಿಸಿ. ಪ್ರತಿ ವರ್ಷ ಕಾಗದ ಮತ್ತೆ ಕೇಳುತ್ತಾರೆ, ಅದೇ ಫೈಲ್ ಕೆಲಸಕ್ಕೆ ಬರುತ್ತದೆ. ಊರಿಂದ ತಂಗಿ ಬಂದು ಆರು ತಿಂಗಳು ಇರುತ್ತಾಳೆ ಅಂದರೆ ಮೊದಲು ಲೀಸ್ ಓದಿ, ಅತಿಥಿ ಎಷ್ಟು ದಿನ ಇರಬಹುದು ಅಂತ ಅದರಲ್ಲಿ ಇರುತ್ತದೆ.

ನಮ್ಮವರು ಎಡವುವುದು ಊರಿಗೆ ಹೋಗುವಾಗ. ಮನೆ ಖಾಲಿ ಬಿಟ್ಟು ಒಟ್ಟಿಗೆ 180 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಇದು ಹೊರ ಗೆರೆ, ನಿಮ್ಮ ಕಚೇರಿಯದು ಇದಕ್ಕಿಂತ ಕಡಿಮೆ ಇರಬಹುದು, ಎಷ್ಟು ಅಂತ ಕೇಳಿಯೇ ಟಿಕೆಟ್ ಮಾಡಿ. ಎಸ್‌ಎಸ್‌ಐ ಅಂತೂ ದೇಶ ಬಿಟ್ಟು 30 ದಿನ ಆದರೆ ನಿಲ್ಲುತ್ತದೆ. ವಾಪಸ್ ಬಂದು 30 ದಿನ ಇಲ್ಲೇ ಇದ್ದ ಮೇಲಷ್ಟೇ ಮತ್ತೆ ಶುರು. ಅಷ್ಟು ದಿನ ನಿಮ್ಮ ಪಾಲಿನ ಬಾಡಿಗೆಯನ್ನು ಯಾರು ಕಟ್ಟುತ್ತಾರೆ ಅಂತ ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಅತ್ತೆ ಈ ಸಲ ಮೊಮ್ಮಗಳ ಮದುವೆಗೆ ಅಂತ ಹಾಸನಕ್ಕೆ ಹೊರಟಾಗ 26 ದಿನಕ್ಕೆ ಟಿಕೆಟ್ ಮಾಡಿಸಿದೆ, ಕಚೇರಿಗೆ ಹೋಗುವ ಬರುವ ತಾರೀಖು ಬರೆದು ಕಳಿಸಿದೆ, ಅಂಚೆ ಡಬ್ಬಿಯ ಬೀಗದ ಕೈ ನನ್ನ ಹತ್ತಿರ ಇಟ್ಟುಕೊಂಡೆ.